ಅಂಗಡಿ ಸಾವ್ಕಾರರದು, ಬೋರ್ಡು ಕಂಪ್ಯೂಟರ್ ಹುಡುಗನದು!

ದಾವಣಗೆರೆ ಮಂಡಿಪೇಟೆಯಲ್ಲಿ ಒಂದು ಪಾತ್ರೆ ಅಂಗಡಿ. ತಾತನ ಕಾಲದ್ದು. ಹೊರಗೆ ತಗಡಿನ ಬೋರ್ಡು, ಒಳಗೆ ಹಿತ್ತಾಳೆ ಕೊಡ, ತಾಮ್ರದ ಹಂಡೆ, ಸ್ಟೀಲಿನ ಡಬ್ಬಿ. ಗಲ್ಲಾದ ಮೇಲೆ ಲಕ್ಷ್ಮಿ ಫೋಟೊ, ಅದರ ಪಕ್ಕದಲ್ಲೇ ಹಣ ಬಂದರೆ ಕೂಗಿ ಹೇಳುವ ಪೆಟ್ಟಿಗೆ. ಹೋದ ವಾರ ಮಟಮಟ ಮಧ್ಯಾಹ್ನ ಹೈದರಾಬಾದಿನಿಂದ ಸಾವ್ಕಾರರ ಮಗಳ ಫೋನು.

"ಅಪ್ಪಾಜಿ, ನಮ್ಮ ಅಂಗಡಿ ವೆಬ್‌ಸೈಟ್ ಒತ್ತಿದ್ರೆ ಯಾವುದೋ ಜೂಜಾಟ ಬರ್ತೈತಲ್ಲ!"

ಸಾವ್ಕಾರರಿಗೆ ನಂಬಿಕೆ ಬರಲಿಲ್ಲ. ಅಂಗಡಿ ಹುಡುಗನ ಕೈಲಿ ಒತ್ತಿಸಿ ನೋಡಿದರು. ಹೌದು! ಕೊಡ, ಹಂಡೆ, ಕೊಳಗ ಇರಬೇಕಾದ ಜಾಗದಲ್ಲಿ ಇಸ್ಪೀಟು ಎಲೆ, ಗಿರಗಿರ ತಿರುಗುವ ಚಕ್ರ, ಇವತ್ತೇ ದುಡ್ಡು ಹಾಕಿ ಎರಡರಷ್ಟು ಗೆಲ್ಲಿ ಎಂಬ ಕರೆ. ಅದೇ ವಿಳಾಸವನ್ನು ಯುಗಾದಿಗೆ ಮುಂಚೆ 5,000 ಬಟ್ಟೆ ಕೈಚೀಲದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ. ಮಗಳ ಮದುವೆಗೆ ಪಾತ್ರೆ ಕೊಂಡ ಗಿರಾಕಿಗಳು ಆ ಚೀಲ ಹಿಡಿದು ಹರಿಹರ, ಜಗಳೂರು, ಚನ್ನಗಿರಿ ಬಸ್ಸು ಹತ್ತಿದ್ದಾರೆ. ಹೀಗೆ ಹೋದ ಚೀಲಗಳು ಎರಡು ಸಾವಿರ. ಮನೆಮನೆಯ ಮೊಳೆಗೆ ನೇತುಬಿದ್ದಿರುವ ಎರಡು ಸಾವಿರ ಜೂಜಾಟದ ಜಾಹೀರಾತು, ಅದೂ ಸಾವ್ಕಾರರ ಖರ್ಚಿನಲ್ಲಿ!

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿತು ನಿಜ. ಆದರೆ ಸಮುದ್ರದಾಚೆ ಕೂತು ಹೆಸರು ಹಾರಿಸಿಕೊಂಡವನಿಗೆ ನಮ್ಮ ಕಾಯ್ದೆ ಪುಸ್ತಕ ಕಾಣುತ್ತದೆಯೇ?

ಆಗಿದ್ದು ಇಷ್ಟು. ಐದು ವರ್ಷದ ಹಿಂದೆ ಒಬ್ಬ ಹುಡುಗ ಬಂದಿದ್ದ. ಚೂಟಿ ಹುಡುಗ. ಹದಿನೆಂಟು ಸಾವಿರ ತಗೊಂಡು ಚೆಂದದ ವೆಬ್‌ಸೈಟ್ ಮಾಡಿಕೊಟ್ಟ. ಡೊಮೈನ್, ಅಂದರೆ ಅಂತರ್ಜಾಲದಲ್ಲಿ ಅಂಗಡಿಯ ಹೆಸರು, ಅದನ್ನು ತನ್ನದೇ ಹೆಸರಲ್ಲಿ, ತನ್ನದೇ ಇಮೇಲಿನಲ್ಲಿ ತಗೊಂಡ. ಮೋಸ ಮಾಡಬೇಕೆಂದಲ್ಲ, ಸಾವ್ಕಾರರಿಗೆ ಇಮೇಲೇ ಇರಲಿಲ್ಲ. ಆಮೇಲೆ ಹುಡುಗನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು. ಹೋದ. ಇಮೇಲು ಬದಲಾಯಿತು, ಫೋನು ಬದಲಾಯಿತು. ಅವಧಿ ಮುಗಿಯುತ್ತಿದೆ, ಹಣ ಕಟ್ಟಿ ಎಂಬ ಓಲೆಗಳು ಯಾರೂ ತೆಗೆಯದ ಡಬ್ಬಿಯಲ್ಲಿ ಬಿದ್ದವು. ಅವಧಿ ಮುಗಿದರೂ ಸ್ವಲ್ಪ ದಿನ ಹಳೆ ಮಾಲೀಕನೇ ಬಿಡಿಸಿಕೊಳ್ಳಲು ಅವಕಾಶ ಇರುತ್ತದೆ. ಅದೂ ದಾಟಿದರೆ ಹೆಸರು ಬಯಲಿಗೆ ಬಿದ್ದಂತೆ, ಮೊದಲು ಬಂದವನದು. ಜನ ಓಡಾಡಿದ ಹಳೆ ಹೆಸರುಗಳನ್ನೇ ಹುಡುಕಿ ಹಿಡಿಯುವ ಕಸುಬಿನವರು ಇದ್ದಾರೆ. ಹಿಡಿದರು.

ಕಟ್ಟಬೇಕಾಗಿದ್ದ ಹಣವೆಷ್ಟು ಗೊತ್ತೇ? ಡಾಟ್ ಇನ್ ಹೆಸರಿಗೆ ವರ್ಷಕ್ಕೆ ಕೆಲವು ನೂರು ರೂಪಾಯಿ. ಅಂಗಡಿಯ ಒಂದು ವಾರದ ಟೀ ಲೆಕ್ಕ!

ಮೀಟರ್ ಯಾರ ಹೆಸರಲ್ಲಿದೆ?

ಸಾವ್ಕಾರರೆ, ಒಂದು ಪ್ರಶ್ನೆ. ಅಂಗಡಿಗೆ ಬೆಸ್ಕಾಂ ಮೀಟರ್ ಹಾಕಿಸುವಾಗ ಆರ್.ಆರ್. ನಂಬರನ್ನು ವೈರ್‌ಮನ್ ಹೆಸರಲ್ಲಿ ಮಾಡಿಸಿದ್ದೀರಾ? ಪಾಲಿಕೆ ಲೈಸೆನ್ಸನ್ನು ಬೋರ್ಡು ಬರೆದ ಪೇಂಟರ್ ಹೆಸರಲ್ಲಿ ತಗೊಂಡಿದ್ದೀರಾ? ಇಲ್ಲವಲ್ಲ! ಹಾಗಾದರೆ ವೆಬ್‌ಸೈಟ್ ಎಂದಾಕ್ಷಣ ಬೀಗ, ಬೀಗದ ಕೈ, ಮನೆ ಪತ್ರ ಎಲ್ಲವನ್ನೂ ಇಪ್ಪತ್ತೆರಡು ವರ್ಷದ ಹುಡುಗನ ಕೈಗಿಟ್ಟು "ನೀನೇ ನೋಡ್ಕೊಳಪ್ಪ" ಅನ್ನುವುದು ಯಾವ ವ್ಯಾಪಾರದ ಲಕ್ಷಣ?

ಇವತ್ತೇ ಸಾಯಂಕಾಲ ಆ ಹುಡುಗನಿಗೆ ಫೋನ್ ಮಾಡಿ ಕೇಳಬೇಕಾದ್ದು ಮೂರು ಮಾತು. ಹೆಸರು ಯಾರ ಹೆಸರಿನಲ್ಲಿ ದಾಖಲಾಗಿದೆ? ಅದರ ಅವಧಿ ಯಾವತ್ತು ಮುಗಿಯುತ್ತದೆ? ಸೈಟಿನ ಫೈಲುಗಳು ಯಾವ ಕಂಪನಿಯ ಯಂತ್ರದಲ್ಲಿ ಕೂತಿವೆ, ಅದರ ಲಾಗಿನ್ ಯಾರ ಹತ್ತಿರ? ಹೆಸರು ಬೇರೆಯವರದ್ದಾಗಿದ್ದರೆ ನಿಮ್ಮ ಖಾತೆಗೆ ವರ್ಗ ಮಾಡಿಸಿಕೊಳ್ಳಬಹುದು, ಅದಕ್ಕೊಂದು ಗುಪ್ತ ಸಂಕೇತ ಇರುತ್ತದೆ, ಹುಡುಗ ಕೊಡಬೇಕು. ಕೊಡಲು ಮೀನಮೇಷ ಎಣಿಸಿದರೆ ಅಲ್ಲೇ ಹುಳುಕಿದೆ ಎಂದು ತಿಳಿಯಿರಿ. ಹಣ ಕೊಡುವ ಮುಂಚೆ ಕೇಳಿದ್ದರೆ ಎರಡು ನಿಮಿಷದ ಕೆಲಸ. ಈಗ ಕೈಕಾಲು ಹಿಡಿಯುವ ಕೆಲಸ. ಇಂಥದ್ದರಲ್ಲಿ ಬರೇ ಹೆಸರು ಬಿಟ್ಟುಕೊಡಲು ಇಪ್ಪತ್ತೈದು ಸಾವಿರ ಕೇಳಿದ ಭೂಪನೂ ಈ ಊರಲ್ಲೇ ಇದ್ದಾನೆ ಎಂಬುದು ಬಟ್ಟೆ ಅಂಗಡಿಯವರೊಬ್ಬರ ಗೋಳು.

ಇನ್ನು ಕೆಲವರದು ಬೇರೆ ಧಾಟಿ. "ನಮಗ್ಯಾಕ್ರಿ ವೆಬ್‌ಸೈಟು? ಎಲ್ಲಾ ಪುಕ್ಕಟೆ ಸಿಗುತ್ತೆ." ಪುಕ್ಕಟೆ ಸಿಗುತ್ತದೆ, ಅನುಮಾನವಿಲ್ಲ. ಗೂಗಲ್ ಕಂಪನಿ ಅಂಗಡಿಯವರಿಗೆ ಪುಕ್ಕಟೆ ಪುಟ ಕಟ್ಟಿಕೊಡುತ್ತಿತ್ತು. ಎಷ್ಟೋ ಜನ ಅದನ್ನೇ ತಮ್ಮ ವೆಬ್‌ಸೈಟ್ ಎಂದು ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಸಿಕೊಂಡರು. 2024ರ ಮಾರ್ಚ್‌ನಲ್ಲಿ ಕಂಪನಿ ಆ ಪುಟಗಳನ್ನೆಲ್ಲ ಬಂದ್ ಮಾಡಿತು. ಆ ವಿಳಾಸಕ್ಕೆ ಬಂದವರನ್ನು ಅದೇ ಜೂನ್‌ವರೆಗೆ ಅಂಗಡಿಯ ಮ್ಯಾಪ್ ವಿವರಕ್ಕೆ ದಾಟಿಸಿತು, ಆಮೇಲೆ ಅದೂ ನಿಂತಿತು. ಅದಕ್ಕೂ ಮುಂಚೆ 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಸರ್ಕಾರದ ಕಾರಣ ಸರಿಯೋ ತಪ್ಪೋ ಅದು ಬೇರೆ ಮಾತು. ಸೀರೆ ಉಡಿಸಿ ತೋರಿಸಿ ಸಾವಿರಾರು ಜನರನ್ನು ಸೇರಿಸಿಕೊಂಡಿದ್ದ ಅಂಗಡಿಗಳ ಗಿರಾಕಿ ಪಟ್ಟಿ ರಾತ್ರಿ ಕಳೆಯುವುದರೊಳಗೆ ಮಾಯ.

ಇವೆಲ್ಲ ಬಾಡಿಗೆ ಮಳಿಗೆ. ಬಾಡಿಗೆ ಇಲ್ಲವೆಂದ ಮಾತ್ರಕ್ಕೆ ಸ್ವಂತದ್ದಾಗುವುದಿಲ್ಲ. ಮಾಲೀಕ ಖಾಲಿ ಮಾಡು ಎಂದರೆ ನೋಟಿಸ್ ಅವಧಿಯೂ ಸಿಗದು. ಅಲ್ಲಿ ವ್ಯಾಪಾರ ಮಾಡಬೇಡಿ ಎಂದಲ್ಲ, ಮಾಡಿ. ಆದರೆ ಚೀಲದ ಮೇಲೆ, ಬಿಲ್ಲಿನ ಮೇಲೆ, ಬೋರ್ಡಿನ ಮೇಲೆ ಬರೆಸುವ ವಿಳಾಸ ಮಾತ್ರ ನಿಮ್ಮದೇ ಇರಲಿ. ನಾಳೆ ಒಳಗಿನ ಸೈಟು ಬದಲಾದರೂ, ಮಾಡಿಕೊಟ್ಟ ಹುಡುಗ ಬದಲಾದರೂ ವಿಳಾಸ ಬದಲಾಗುವುದಿಲ್ಲ.

ಹರಿಹರ ಬಸ್ಸಿನಲ್ಲಿ ಕೂತ ಗಿರಾಕಿ

ವೆಬ್‌ಸೈಟಿಗೂ ಮೊದಲು ಆಗಬೇಕಾದ ಕೆಲಸ ಒಂದಿದೆ, ಅದಕ್ಕೆ ಕಾಸಿನ ಖರ್ಚಿಲ್ಲ. ಗೂಗಲ್ ಮ್ಯಾಪಿನಲ್ಲಿ ಅಂಗಡಿಯನ್ನು ಸರಿಯಾಗಿ ಹಾಕಿಸುವುದು. ಪುಟ ಬಂದಾಯಿತೇ ಹೊರತು ಈ ಸವಲತ್ತು ಬಂದಾಗಿಲ್ಲ.

ಹರಿಹರದಿಂದ ಬರುವ ಒಬ್ಬ ಹೆಣ್ಣುಮಗಳನ್ನು ನೆನೆಯಿರಿ. ಕುಕ್ಕರಿನ ರಬ್ಬರು, ಹಿಡಿ ಎರಡೂ ಹೋಗಿದೆ. ಬಸ್ಸಿನಲ್ಲಿ ಕೂತೇ ಫೋನಿಗೆ ಬಾಯಲ್ಲಿ ಹೇಳುತ್ತಾಳೆ, "ದಾವಣಗೆರೆ ಕುಕ್ಕರ್ ರಿಪೇರಿ". ಮೂರು ಅಂಗಡಿ ಬರುತ್ತವೆ. ಒಂದರಲ್ಲಿ ಫೋನ್ ನಂಬರಿಲ್ಲ. ಇನ್ನೊಂದರಲ್ಲಿ ಇದೆ, ಒತ್ತಿದರೆ ಈ ನಂಬರ್ ಚಾಲ್ತಿಯಲ್ಲಿಲ್ಲ. ಮೂರನೆಯದು ತೆರೆದಿದೆ ಎಂದು ತೋರಿಸುತ್ತದೆ. ಬಸ್‌ಸ್ಟ್ಯಾಂಡಿನಿಂದ ಆಟೊ ಮಾಡಿಕೊಂಡು ಹೋದರೆ ಬಾಗಿಲು ಹಾಕಿದೆ, ಆವತ್ತು ವಾರದ ರಜೆ! ಆಟೊ ಚಾರ್ಜು ಹೋಯಿತು, ಬಿಸಿಲಲ್ಲಿ ನಿಂತದ್ದಾಯಿತು. ಆಕೆ ಆ ಅಂಗಡಿಗೆ ಇನ್ನೊಂದು ಸಲ ಬರುತ್ತಾಳೆಯೇ? ಕುಕ್ಕರನ್ನೇ ಆನ್‌ಲೈನಲ್ಲಿ ಹೊಸದು ತರಿಸುತ್ತಾಳೆ. ಆಮೇಲೆ ಆನ್‌ಲೈನ್ ಕಂಪನಿಗಳು ಹೊಟ್ಟೆ ಮೇಲೆ ಹೊಡೆದವು ಎಂದು ಸಂಘದ ಸಭೆಯಲ್ಲಿ ಭಾಷಣ!

ಅಂಗಡಿ ತೆರೆಯುವ ಹೊತ್ತು, ಮುಚ್ಚುವ ಹೊತ್ತು, ವಾರದ ರಜೆ, ನಡೆಯುವ ಫೋನ್ ನಂಬರು, ಬೋರ್ಡು ಕಾಣುವ ಹಾಗೆ ಹೊರಗಿಂದ ತೆಗೆದ ಒಂದು ಫೋಟೊ. ಇಷ್ಟು ಸಾಕು. ದುಗ್ಗಮ್ಮನ ಜಾತ್ರೆಗೆ ಎರಡು ದಿನ ಬಾಗಿಲು ಹಾಕುವುದಾದರೆ ಅದನ್ನೂ ಮುಂಚೆಯೇ ಹಾಕಲು ಬರುತ್ತದೆ. ಯಾವ ಇಂಜಿನಿಯರೂ ಬೇಕಿಲ್ಲ, ಎಂಟನೇ ಕ್ಲಾಸಿನ ಮಗ ಮಾಡುತ್ತಾನೆ. ಆದರೆ ಖಾತೆ ಮಾತ್ರ ಮಗನದ್ದಲ್ಲ, ಅಂಗಡಿಯದ್ದು. ಮತ್ತೆ ಅದೇ ಪುರಾಣ ಬೇಡ.

ಫ್ಲೆಕ್ಸ್ ರೋಗ

ಈಗ ಸೈಟಿನ ಅಂದಚಂದದ ವಿಚಾರ. ಈ ಊರಿನ ಅಂಗಡಿಗಳ ಒಂದಿಪ್ಪತ್ತು ಸೈಟು ತೆಗೆದು ನೋಡಿದರೆ ಕಾಣುವುದು ಒಂದೇ ರೋಗ. ಸರ್ಕಲ್ಲಿನ ಹುಟ್ಟುಹಬ್ಬದ ಫ್ಲೆಕ್ಸನ್ನೇ ಮಡಚಿ ಫೋನಿನೊಳಗೆ ತುರುಕಿದ ಹಾಗಿರುತ್ತದೆ. ಮೇಲೆ ಗಣಪತಿ, ಸುತ್ತ ಮಿಣಿಮಿಣಿ ದೀಪ. ಆಮೇಲೆ ಸಾವ್ಕಾರರ ಫೋಟೊ, ಅವರ ತಂದೆಯವರ ಫೋಟೊ, ಪಾಲುದಾರರ ಫೋಟೊ. ಅಕ್ಷರಗಳು ಈ ಕಡೆಯಿಂದ ಆ ಕಡೆಗೆ ಓಡುತ್ತವೆ, ಹಿಡಿದು ಓದುವಷ್ಟರಲ್ಲಿ ಮಾಯ. ಕೆಲವಕ್ಕೆ ಹಾಡು ಬೇರೆ! ಸಿಟಿ ಬಸ್ಸಿನಲ್ಲಿ ಕೂತು ಒತ್ತಿದವನ ಜೇಬಿನಿಂದ ಇದ್ದಕ್ಕಿದ್ದಂತೆ ನಾದಸ್ವರ ಹೊರಟರೆ ಅವನ ಗತಿ ಏನು? ಕಂಪನಿಯ ಧ್ಯೇಯ, ದೃಷ್ಟಿ, ಗುರಿ ಎಂದು ಮೂರು ಪುಟ. ಚಕ್ಕುಲಿ ಒರಳು ಮಾರುವವನಿಗೆ ಯಾವ ದೃಷ್ಟಿಯಪ್ಪಾ?

ಗಿರಾಕಿಗೆ ಬೇಕಾದ್ದು ಏನು? ಇಲ್ಲಿ ಏನು ಸಿಗುತ್ತದೆ, ಎಷ್ಟಕ್ಕೆ, ಎಲ್ಲಿದೆ ಅಂಗಡಿ, ಯಾವಾಗ ಬರಬೇಕು. ಫೋನಿನ ಮೊದಲ ಪರದೆಯಲ್ಲೇ ಈ ನಾಲ್ಕೂ ಸಿಗಬೇಕು, ಬೆರಳು ಕೆಳಗೆಳೆಯುವ ಮುಂಚೆ. ಫೋನ್ ನಂಬರನ್ನು ಚಿತ್ರದೊಳಗೆ ಬರೆಸಿಬಿಡುತ್ತಾರೆ, ಒತ್ತಿದರೆ ಕರೆ ಹೋಗುವುದಿಲ್ಲ. ಪೆನ್ನು ಹುಡುಕಿ ಅಂಗೈ ಮೇಲೆ ಬರೆದುಕೊಂಡು ಫೋನು ಮಾಡುವವನು ಈಗ ಎಲ್ಲಿದ್ದಾನೆ? ನಂಬರ್ ಒತ್ತಿದರೆ ಕರೆ ಹೋಗಬೇಕು, ವಿಳಾಸ ಒತ್ತಿದರೆ ಮ್ಯಾಪು ಬಿಚ್ಚಿಕೊಳ್ಳಬೇಕು.

ಫೋಟೊಗಳದ್ದು ಇನ್ನೊಂದು ಕತೆ. ಹೊಸ ಫೋನಿನಲ್ಲಿ ಹೊಡೆದ ಒಂದು ಫೋಟೊ ನಾಲ್ಕೈದು ಎಂಬಿ ತೂಗುತ್ತದೆ. ಅಂಥ ಮೂವತ್ತು ಫೋಟೊ ಹಾಗ್ಹಾಗೇ ಏರಿಸಿದರೆ ಪುಟ ಬಿಚ್ಚುವ ಹೊತ್ತಿಗೆ ಬಸ್ಸು ಹರಿಹರ ಬಿಟ್ಟಿದ್ದು ದಾವಣಗೆರೆ ಮುಟ್ಟಿರುತ್ತದೆ. ಮೂರು ಸೆಕೆಂಡಿನಲ್ಲಿ ಪುಟ ಬಿಚ್ಚದಿದ್ದರೆ ಫೋನಿನಲ್ಲಿ ನೋಡುವ ನೂರರಲ್ಲಿ 53 ಮಂದಿ ಬಿಟ್ಟು ಹೋಗುತ್ತಾರೆ ಎಂದು ಗೂಗಲ್‌ನವರೇ 2016ರಲ್ಲಿ ಲೆಕ್ಕ ಹಾಕಿ ಹೇಳಿದ್ದರು. ಅದೇ ಫೋಟೊವನ್ನು ನೂರೈವತ್ತು ಇನ್ನೂರು ಕೆಬಿಗೆ ಇಳಿಸಿದರೆ ಫೋನಿನ ಪರದೆ ಮೇಲೆ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಸೈಟು ಮಾಡುವವನಿಗೆ ಇದು ಗೊತ್ತಿರಬೇಕು. ಗೊತ್ತಿಲ್ಲವೆಂದರೆ ಅವನಿಗೆ ಹಣ ಕೊಡಬೇಡಿ.

ಪರೀಕ್ಷೆ ಮಾಡುವ ವಿಧಾನವೂ ಸುಲಭ. ಸೈಟು ಮಾಡಿದ ಹುಡುಗ ತನ್ನ ಲ್ಯಾಪ್‌ಟಾಪ್ ತಂದು, ಎಸಿ ರೂಮಿನಲ್ಲಿ ತೋರಿಸುತ್ತಾನೆ. ಅದನ್ನು ನೋಡಿ ತಲೆಯಾಡಿಸಬೇಡಿ. ಅಂಗಡಿಯಲ್ಲಿ ಮೂಟೆ ಹೊರುವವನ ಹಳೆ ಫೋನು ಇಸಕೊಳ್ಳಿ, ಅದರ ಗಾಜು ಒಡೆದಿದ್ದರೆ ಇನ್ನೂ ಒಳ್ಳೆಯದು. ಅಶೋಕ ರಸ್ತೆಯಲ್ಲಿ ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ನಿಂತು ಒತ್ತಿ ನೋಡಿ. ಹಳದಿ ಮೇಲೆ ಬಿಳಿ ಅಕ್ಷರ ಕಂಡಿತೇ? ಮನೆಯಲ್ಲಿ ಕನ್ನಡಕ ಹಾಕುವ ಯಜಮಾನಿತಿಯ ಕೈಗೆ ಕೊಟ್ಟು "ಅಂಗಡಿ ನಂಬರ್ ಹುಡುಕು" ಅನ್ನಿ. ಆಕೆ ಎಲ್ಲಿ ತಡವರಿಸುತ್ತಾಳೋ ಅಲ್ಲೇ ತಪ್ಪಿದೆ. ತಪ್ಪು ಆಕೆಯದ್ದಲ್ಲ.

ಇನ್ನು ಬೆಲೆ! ಬೆಲೆ ಹಾಕಿ ಎಂದರೆ ಸಾವ್ಕಾರರಿಗೆ ಹೊಟ್ಟೆಯೊಳಗೆ ಚಳಕು. "ಎದುರು ಅಂಗಡಿಯೋನು ನೋಡ್ಕೊಂಡು ಎರಡು ರೂಪಾಯಿ ಕಮ್ಮಿ ಹಾಕ್ತಾನ್ರೀ." ಅಲ್ಲ ಸ್ವಾಮಿ, ಎದುರು ಅಂಗಡಿಯವನಿಗೆ ನಿಮ್ಮ ಬೆಲೆ ಈಗಾಗಲೇ ಗೊತ್ತು. ಅವನ ಹುಡುಗ ವಾರಕ್ಕೊಮ್ಮೆ ಗಿರಾಕಿ ವೇಷದಲ್ಲಿ ಬಂದು ಕೇಳಿಕೊಂಡು ಹೋಗುತ್ತಾನೆ, ನಿಮ್ಮ ಹುಡುಗ ಅಲ್ಲಿಗೆ ಹೋಗುತ್ತಾನೆ. ಗೊತ್ತಿಲ್ಲದವನು ಗಿರಾಕಿ ಒಬ್ಬನೇ. ಚಿನ್ನ, ಹಿತ್ತಾಳೆಯಂಥ ದಿನದಿನಕ್ಕೂ ಏರಿಳಿಯುವ ಮಾಲಿಗೆ ಇಂತಿಷ್ಟರಿಂದ ಶುರು ಎಂದಾದರೂ ಹಾಕಬಹುದು. ಬೆಲೆಗೆ ಕರೆ ಮಾಡಿ ಎಂದು ಬರೆದ ಕಡೆ ಕರೆ ಮಾಡುವವರು ಕಡಿಮೆ. ಕರೆ ಮಾಡಿದ ಮೇಲೆ ಕೊಳ್ಳದಿದ್ದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ನಮ್ಮ ಜನಕ್ಕೆ ಜಾಸ್ತಿ.

ಕನ್ನಡ ಎಂಬ ಬೊಂಬೆ

ಡಿಟಿಪಿ ಅಂಗಡಿಗಳಿಂದ ಬಂದ ಒಂದು ಎಡವಟ್ಟು ಇದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮದುವೆ ಕಾರ್ಡು, ಕರಪತ್ರ ಅಚ್ಚು ಹಾಕುವವರು ವರ್ಷಗಟ್ಟಲೆಯಿಂದ ಹಳೇ ನುಡಿ, ಶ್ರೀಲಿಪಿ ತರಹದ ಅಕ್ಷರಗಳಲ್ಲಿ ಕನ್ನಡ ಹೊಡೆಯುತ್ತ ಬಂದಿದ್ದಾರೆ. ಆ ಹಳೇ ಪದ್ಧತಿಯಲ್ಲಿ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಮನೆ, ಮೇಲೆ ತೊಡಿಸಿರುವುದು ಕನ್ನಡದ ಅಂಗಿ. ಕಾಗದದ ಮೇಲೆ ಅಚ್ಚಾದರೆ ಯಾರಿಗೂ ತೊಂದರೆಯಿಲ್ಲ. ಅದನ್ನೇ ಎತ್ತಿ ವೆಬ್‌ಸೈಟಿಗೆ ಅಂಟಿಸಿದರೆ ಆ ಅಂಗಿ ಇಲ್ಲದ ಫೋನಿನಲ್ಲಿ ಇಲಿ ಕಡಿದ ಇಂಗ್ಲಿಷಿನ ಹಾಗೆ ಕಾಣುತ್ತದೆ.

ಇದರಿಂದ ತಪ್ಪಿಸಿಕೊಳ್ಳಲು ಸೈಟು ಮಾಡುವವರು ಕಂಡುಕೊಂಡ ಉಪಾಯ ಇನ್ನೂ ಕೆಟ್ಟದ್ದು. ಕನ್ನಡವನ್ನೆಲ್ಲ ಫೋಟೊ ಮಾಡಿ ಅಂಟಿಸುವುದು. ಕಣ್ಣಿಗೆ ಕನ್ನಡವೇ. ಆದರೆ ಹುಡುಕುವ ಯಂತ್ರಕ್ಕೆ ಅದು ಬರೇ ಬೊಂಬೆ. ಹೊನ್ನಾಳಿಯ ರೈತ "ದಾವಣಗೆರೆಯಲ್ಲಿ ತಾಮ್ರದ ಹಂಡೆ" ಎಂದು ಅಚ್ಚಗನ್ನಡದಲ್ಲಿ ಫೋನಿಗೆ ಹೇಳಿದರೆ ಫೋನು ಹುಡುಕುವುದು ಅಕ್ಷರವನ್ನೇ ಹೊರತು ಬೊಂಬೆಯನ್ನಲ್ಲ. ಹಂಡೆ ಇರುವ ಅಂಗಡಿ ಸಿಗುವುದಿಲ್ಲ, ಹಂಡೆ ಇಲ್ಲದ ಬೆಂಗಳೂರಿನ ಯಾವುದೋ ಜಾಲತಾಣ ಸಿಗುತ್ತದೆ.

ಇದಕ್ಕೆ ಮದ್ದು ಹಳೆಯದೇ. ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಮನೆ ನಂಬರ್ ಸಿಕ್ಕಿದ್ದು 1991ರಲ್ಲಿ. ಎಲ್ಲಾ ಫೋನುಗಳೂ ಅದನ್ನು ಓದುತ್ತವೆ. ಹಳೇ ನುಡಿಯಲ್ಲಿ ಹೊಡೆದದ್ದನ್ನು ಯೂನಿಕೋಡಿಗೆ ಬದಲಾಯಿಸುವ ಸಾಧನಗಳೂ ಪುಕ್ಕಟೆ ಇವೆ. ಮಾಡುವವನಿಗೆ ಒಂದೇ ಮಾತು ಹೇಳಿ, "ತಮ್ಮಾ, ಕನ್ನಡ ಅಕ್ಷರ ಒತ್ತಿ ಹಿಡಿದು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದ್ರೆ ಕನ್ನಡವಾಗೇ ಬರಬೇಕು." ಬಂದರೆ ಸರಿ, ಬರದಿದ್ದರೆ ಬಾಕಿ ಹಣ ತಡೆಹಿಡಿಯಿರಿ.

ಜೊತೆಗೆ ಅಂಗಡಿ ಹೆಸರನ್ನು ಎಲ್ಲ ಕಡೆ ಒಂದೇ ತರಹ ಬರೆಯುವುದು. ಬೋರ್ಡಿನಲ್ಲಿ ಸ್ಟೋರ್ಸ್, ಮ್ಯಾಪಿನಲ್ಲಿ ಟ್ರೇಡರ್ಸ್, ಬಿಲ್ಲಿನಲ್ಲಿ ಅಂಡ್ ಸನ್ಸ್. ಮನುಷ್ಯರೇ ತಬ್ಬಿಬ್ಬಾಗುವಾಗ ಯಂತ್ರದ ಪಾಡೇನು!

ಮೊದಲ ಪುಟದ ಗ್ಯಾರಂಟಿ

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಬೋಣಿ ಆಗುವ ಸಮಯಕ್ಕೆ ಸರಿಯಾಗಿ, ಫೋನು ಬರುತ್ತದೆ. ಹಿಂದಿಯಲ್ಲಿ ಇಂಪಾದ ದನಿ. ನಿಮ್ಮ ಅಂಗಡಿಯನ್ನು ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆ, ಗ್ಯಾರಂಟಿ, ಇವತ್ತೇ ಕಟ್ಟಿದರೆ ಅರ್ಧ ಬೆಲೆ. ಅಂಗಡಿಯವರು ಮರುಳಾಗುವುದು ಗ್ಯಾರಂಟಿ ಎಂಬ ಶಬ್ದಕ್ಕೆ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಸಲಹೆ ಪುಟದಲ್ಲೇ ಬರೆದಿದೆ. ಮನೆಯ ಯಜಮಾನನೇ ಇಲ್ಲವೆಂದಿರುವಾಗ ಬಾಗಿಲ ಹೊರಗೆ ನಿಂತವನ ಗ್ಯಾರಂಟಿಗೆ ಏನು ಬೆಲೆ?

ದುಡ್ಡು ಕೊಟ್ಟು ಮೇಲೆ ಕಾಣಿಸಿಕೊಳ್ಳುವುದು ಬೇರೆ. ಅದು ಜಾಹೀರಾತು, ಜನ ಒತ್ತಿದಷ್ಟಕ್ಕೆ ಹಣ. ಅದರಲ್ಲಿ ತಪ್ಪಿಲ್ಲ. ಆದರೆ ಎಷ್ಟು ಕಿಲೋಮೀಟರ್ ಸುತ್ತಳತೆಯವರಿಗೆ ತೋರಿಸಬೇಕು ಎಂದು ಗುರುತು ಹಾಕದಿದ್ದರೆ ಮಂಡಿಪೇಟೆಯ ಕುಕ್ಕರ್ ರಿಪೇರಿಯ ಜಾಹೀರಾತನ್ನು ಯಾವುದೋ ದೂರದ ಊರಿನವನು ಒತ್ತುತ್ತಾನೆ, ಹಣ ಸಾವ್ಕಾರರದು ಹೋಗುತ್ತದೆ.

ವಾಟ್ಸಾಪ್ ವಿಚಾರ ಎಲ್ಲರಿಗೂ ಗೊತ್ತು ಎಂಬ ಭಾವನೆ. ಅಂಗಡಿಯವರಿಗೆಂದೇ ಬೇರೆ ವಾಟ್ಸಾಪ್ ಬಂದದ್ದು 2018ರಲ್ಲಿ, ಮಾಲಿನ ಫೋಟೊ ಬೆಲೆ ಜೋಡಿಸಿಡುವ ಪಟ್ಟಿ ಬಂದದ್ದು 2019ರಲ್ಲಿ. ಒಳ್ಳೆಯ ಸಾಧನ. ಆದರೆ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ, ಹಬ್ಬಕ್ಕೊಂದು ಆನೆ ಗಾತ್ರದ ವಿಡಿಯೊ ಕಳಿಸಿದರೆ ಗಿರಾಕಿ ಒಂದೇ ಒತ್ತಿಗೆ ಬಾಗಿಲು ಹಾಕುತ್ತಾನೆ, ಆಮೇಲೆ ತೆರೆಯುವುದಿಲ್ಲ. ತಿಂಗಳಿಗೆ ಒಂದೋ ಎರಡೋ, ಅದರಲ್ಲಿ ಮಾಲು ಮತ್ತು ಬೆಲೆ. ಅಷ್ಟೇ.

ವಿಮರ್ಶೆ ಬರೆಸುವ ಹುಚ್ಚು ಇನ್ನೊಂದು. ಭಾವಮೈದುನ, ಷಡ್ಡಕ, ಅವರ ಹೆಂಡತಿ ಎಲ್ಲರೂ ಐದೈದು ನಕ್ಷತ್ರ ಕೊಟ್ಟು "ತುಂಬಾ ಚೆನ್ನಾಗಿದೆ" ಎಂದು ಒಂದೇ ದಿನ ಬರೆಯುತ್ತಾರೆ. ಮಾರುವವನು ಗಿರಾಕಿಯ ಸೋಗಿನಲ್ಲಿ ತನ್ನ ಮಾಲಿನ ಬಗ್ಗೆ ತಾನೇ ವಿಮರ್ಶೆ ಬರೆಯುವುದು 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ತಪ್ಪು. ಕಾನೂನು ಹಾಗಿರಲಿ, ಓದುವವನಿಗೇ ವಾಸನೆ ಬಡಿಯುತ್ತದೆ. ಒಂದು ಬೆಣ್ಣೆದೋಸೆ ಹೋಟೆಲಿಗೆ ಒಬ್ಬ ಗಿರಾಕಿ ಚಟ್ನಿ ನೀರಾಗಿತ್ತು ಎಂದು ಎರಡು ನಕ್ಷತ್ರ ಕೊಟ್ಟಿದ್ದ. ಮಾಲೀಕರು ಅದಕ್ಕೆ "ನಿಮ್ಮನೇಲಿ ಗಟ್ಟಿ ಮಾಡ್ಕೊಂಡು ತಿನ್ನಿ" ಎಂದು ಉತ್ತರ ಬರೆದರು! ಚಟ್ನಿಯ ಮಾತು ಒಬ್ಬ ಹೇಳಿದ್ದು. ಉತ್ತರವನ್ನು ಓದಿ ನಕ್ಕವರು ಊರೆಲ್ಲ. "ಆವತ್ತು ತಪ್ಪಾಗಿದೆ, ಇನ್ನೊಮ್ಮೆ ಬನ್ನಿ" ಎಂದು ಎರಡು ಸಾಲು ಬರೆದಿದ್ದರೆ ಹೋಟೆಲಿನ ಗಂಟೇನು ಹೋಗುತ್ತಿತ್ತು?

ಕ್ಯೂಆರ್ ಕೋಡಿನ ಭಯ

2025ರ ಜುಲೈ ತಿಂಗಳ ಗಲಾಟೆ ಯಾರೂ ಮರೆತಿಲ್ಲ. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಿತು. ಬೇಕರಿ, ಬೀಡಾ ಅಂಗಡಿಗಳು ಕ್ಯೂಆರ್ ಕೋಡು ಕಿತ್ತು ನಗದು ಮಾತ್ರ ಎಂದು ಚೀಟಿ ಅಂಟಿಸಿದವು. ಅದೇ ಭಯ ಈಗ ವೆಬ್‌ಸೈಟಿನವರೆಗೂ ಬಂದಿದೆ. "ಕಂಪ್ಯೂಟರ್‌ನಾಗೆ ಕಾಣಿಸಿಕೊಂಡ್ರೆ ತೆರಿಗೆಯೋರು ಬರ್ತಾರೆ" ಎಂಬುದು ಎಷ್ಟೋ ಅಂಗಡಿಗಳ ಮಾತು. ವರ್ಷಕ್ಕೆ ಸರಕಿನ ವಹಿವಾಟು 40 ಲಕ್ಷ, ಸೇವೆಯದ್ದು 20 ಲಕ್ಷ ದಾಟಿದರೆ ನೋಂದಣಿ ಬೇಕು. ಇದು ಅಂಗಡಿ ಕಂಪ್ಯೂಟರಿನಲ್ಲಿ ಕಂಡರೂ ಅಷ್ಟೇ, ಕಾಣದಿದ್ದರೂ ಅಷ್ಟೇ. ಸ್ವಂತ ಪುಟದಲ್ಲಿ ವಿಳಾಸ, ಬೆಲೆ ಹಾಕಿದ ಮಾತ್ರಕ್ಕೆ ಹೊಸ ತೆರಿಗೆ ಹುಟ್ಟುವುದಿಲ್ಲ. ದೊಡ್ಡ ಕಂಪನಿಗಳ ಸಂತೆಯಲ್ಲಿ ಮಾಲು ಇಟ್ಟು ಮಾರಲು ಮೊದಲು ಎಷ್ಟೇ ಸಣ್ಣವರಾದರೂ ಜಿಎಸ್‌ಟಿ ಬೇಕಾಗಿತ್ತು. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿನ ವ್ಯಾಪಾರಿ ರಾಜ್ಯದೊಳಗೆ ಸರಕು ಮಾರುವುದಾದರೆ ಒಂದು ಗುರುತಿನ ಸಂಖ್ಯೆ ಪಡೆದು ಮಾರಬಹುದು. ಈ ಸಂಗತಿ ಎಷ್ಟು ಅಂಗಡಿಗೆ ಗೊತ್ತು? ನೋಟಿಸ್ ಕೊಡುವಾಗ ಇರುವ ಚುರುಕು ತಿಳಿಸಿ ಹೇಳುವಾಗ ಇಲಾಖೆಗೆ ಯಾಕಿಲ್ಲ?

ಭಯ ಪಡಬೇಕಾದ್ದು ಬೇರೆ ಕಡೆಗೆ. ನಂಬರು ಹೊರಗೆ ಹಾಕಿದ ಮೇಲೆ ಠಕ್ಕರೂ ಫೋನು ಮಾಡುತ್ತಾರೆ. ಮಿಲಿಟರಿಯವರು ಎಂದು ಹೇಳಿಕೊಂಡು ಐವತ್ತು ಬಕೆಟ್ ಆರ್ಡರ್ ಕೊಡುತ್ತಾರೆ, ಹಣ ಕಳಿಸುತ್ತೇವೆ ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅನ್ನುತ್ತಾರೆ. ಹಣ ಬರಲು ಪಿನ್ ಒತ್ತುವ ಅಗತ್ಯ ಯಾವತ್ತೂ ಇಲ್ಲ. ಒತ್ತಿದರೆ ಹೋಗುವುದು ನಿಮ್ಮ ಹಣ. ಹೋದರೆ ಆ ಗಳಿಗೆಯಲ್ಲೇ 1930ಕ್ಕೆ ಫೋನು ಮಾಡಬೇಕು, ನಾಳೆ ನೋಡೋಣ ಎಂದರೆ ದಕ್ಕುವುದು ಕಷ್ಟ.

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲೇ ದಾವಣಗೆರೆಯ ಹೆಸರು ಬಂದಿತ್ತು. ರಸ್ತೆ, ದೀಪ, ಕ್ಯಾಮೆರಾಗಳ ಮಾತು ಸಾಕಷ್ಟಾಯಿತು. ಚೌಕಿಪೇಟೆಯ ದಿನಸಿ ಅಂಗಡಿಯವನಿಗೆ ತನ್ನ ಹೆಸರು ತನ್ನ ಹೆಸರಲ್ಲೇ ಇದೆಯೇ ಎಂದು ನೋಡಿಕೊಳ್ಳಲು ಕಲಿಸಿಕೊಟ್ಟವರು ಯಾರು? ಊರಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ, ಕಂಪ್ಯೂಟರ್ ಓದುವ ಮಕ್ಕಳು ಪ್ರಾಜೆಕ್ಟ್ ಹುಡುಕಿಕೊಂಡು ಬೆಂಗಳೂರಿಗೆ ಅಲೆಯುತ್ತಾರೆ. ವ್ಯಾಪಾರಿಗಳ ಸಂಘದವರು ಸನ್ಮಾನ ಸಮಾರಂಭದ ಒಂದು ಭಾನುವಾರ ಬಿಟ್ಟುಕೊಟ್ಟು, ಆ ಮಕ್ಕಳನ್ನು ಕರೆದು ಒಂದೊಂದು ಬೀದಿಗೆ ನಾಲ್ಕು ಜನರನ್ನು ಕೂರಿಸಿದರೆ ಎಷ್ಟು ಅಂಗಡಿಯ ಮ್ಯಾಪು, ನಂಬರು, ಹೆಸರು ನೆಟ್ಟಗಾದೀತು! ಮಕ್ಕಳಿಗೆ ಊಟ, ಬಸ್ ಚಾರ್ಜು ಕೊಟ್ಟರಾಯಿತು. ಇಷ್ಟಕ್ಕೂ ಸರ್ಕಾರದ ಬಾಗಿಲಿಗೆ ಹೋಗಬೇಕೇ?

ಪಾತ್ರೆ ಅಂಗಡಿಯ ಸಾವ್ಕಾರರು ಬೆಂಗಳೂರಿನ ಹುಡುಗನ ನಂಬರನ್ನು ಅವನ ತಾಯಿಯಿಂದ ಇಸಕೊಂಡು ಮಾತಾಡಿದರು. "ಸಾರ್, ಮರೆತೇ ಹೋಯ್ತು ಸಾರ್" ಎಂದನಂತೆ. ಬೈಯಲೂ ಬಾಯಿ ಬರಲಿಲ್ಲ. ಹಳೆ ಹೆಸರು ವಾಪಸ್ ಬರುವ ಲಕ್ಷಣವಿಲ್ಲ. ಹೊಸ ಹೆಸರನ್ನು ಮಗಳು ಹೈದರಾಬಾದಿನಿಂದಲೇ ಹಿಡಿದಳು, ಈ ಸಲ ಅಪ್ಪಾಜಿಯ ಹೆಸರಲ್ಲಿ, ಅಪ್ಪಾಜಿಯ ಹೊಸ ಇಮೇಲಿನಲ್ಲಿ, ಐದು ವರ್ಷದ ಹಣ ಒಟ್ಟಿಗೇ ಕಟ್ಟಿ. ಅವಧಿ ಮುಗಿಯುವ ತಾರೀಖನ್ನು ಸಾವ್ಕಾರರು ಖಾತೆ ಪುಸ್ತಕದ ಮೊದಲ ಹಾಳೆಯಲ್ಲಿ, ಅಂಗಡಿ ವಿಮೆಯ ತಾರೀಖಿನ ಕೆಳಗೆ ಬರೆದುಕೊಂಡಿದ್ದಾರೆ.

ಉಳಿದದ್ದು ಮೂರು ಸಾವಿರ ಚೀಲ. ಹಳೆ ವಿಳಾಸದ ಮೇಲೆ ಹೊಸ ಚೀಟಿ ಅಂಟಿಸುವುದೆಂದು ತೀರ್ಮಾನ. ಪ್ರೆಸ್ಸಿನವನು ಚೀಟಿಗೆ ಒಂದು ರೂಪಾಯಿ ಅಂದ, ಸಾವ್ಕಾರರು ಅರವತ್ತು ಪೈಸೆ ಅಂದರು. ನಿನ್ನೆ ಸಾಯಂಕಾಲ ಎಪ್ಪತ್ತೈದಕ್ಕೆ ಬಂದು ನಿಂತಿತ್ತು.